ಗುರುತು ಹಿಡಿದು ಅತ್ತವರು

ಕಲಬುರಗಿ ಕೋಟೆಯ ಪಶ್ಚಿಮಕ್ಕೆ ಬಹಮನಿ ರಾಜ್ಯ ಕಟ್ಟಿದ ಅಲ್ಲಾವುದ್ದೀನ್ ಹಸನ್‌ನ ಗೋರಿ ಇದೆ. ಆತ ತೀರಿಕೊಂಡದ್ದು 1358ರಲ್ಲಿ. ಒಳಕ್ಕೆ ವಾಲಿದ ದಪ್ಪ ಗೋಡೆ, ಮೇಲೊಂದು ತಗ್ಗು ಗುಮ್ಮಟ. ದಿಲ್ಲಿಯ ತುಘಲಕರ ಕಟ್ಟಡಗಳ ಗತ್ತು, ಅಲಂಕಾರ ತೀರ ಕಡಿಮೆ. ಅಲ್ಲಿಂದ ಊರು ದಾಟಿ ಪೂರ್ವಕ್ಕೆ ಹಫ್ತ್ ಗುಂಬಜ್‌ಗೆ ಬಂದರೆ 1422ರಲ್ಲಿ ತೀರಿಕೊಂಡ ತಾಜುದ್ದೀನ್ ಫಿರೋಜ್ ಷಾನ ಸಮಾಧಿ ಎದುರಾಗುತ್ತದೆ. ಎರಡು ಕೋಣೆ, ಎರಡು ಗುಮ್ಮಟ, ಗಚ್ಚಿನಲ್ಲಿ ಬಿಡಿಸಿದ ಕುಸುರಿ, ಗುಡಿ ಕಟ್ಟುವವರ ಕೈ ನೆನಪಿಸುವ ಕಲ್ಲಿನ ಚಾಚುಗಳು. ಈ 64 ವರ್ಷಗಳಲ್ಲಿ ಗೋರಿಯನ್ನು ಸಿಂಗರಿಸುವ ವಿದ್ಯೆಯನ್ನು ಕಲಬುರಗಿ ಚೆನ್ನಾಗಿ ಕಲಿತಿತು. ಆದರೆ ಆ ಕಲ್ಲಿನ ಮುಂದೆ ನಿಂತಾಗ ಒಳಗೆ ಮಲಗಿದವನು ಎಂಥವನಾಗಿದ್ದ ಎಂಬುದು ಒಂದಿಷ್ಟೂ ತಿಳಿಯುವುದಿಲ್ಲ. ಅವನ ಅಧಿಕಾರ ತಿಳಿಯುತ್ತದೆ; ಅವನಿಲ್ಲದ್ದಕ್ಕೆ ಯಾರ ಮನೆ ಬರಿದಾಯಿತು ಎಂಬುದು ತಿಳಿಯುವುದಿಲ್ಲ.

ಸಾವನ್ನು ಕುರಿತ ನಮ್ಮ ಭಾಗದ ಕಲೆಯನ್ನೆಲ್ಲ ನಾನು ಒರೆಗೆ ಹಚ್ಚುವುದು ಇದೊಂದೇ ಪ್ರಶ್ನೆಯಿಂದ: ಸತ್ತವರ ಗುರುತನ್ನು ಅದು ಉಳಿಸಿಕೊಂಡಿತೇ?

ಫಿರೋಜ್ ಷಾ ತೀರಿಕೊಂಡ ವರ್ಷವೇ ಸೂಫಿ ಸಂತ ಖ್ವಾಜಾ ಬಂದೇ ನವಾಜರೂ ತೀರಿಕೊಂಡರು. ಸಂತರಿಗೂ ಸುಲ್ತಾನನಿಗೂ ಕೊನೆಕೊನೆಗೆ ಸರಿ ಬರಲಿಲ್ಲ. ಸಂತರ ಒಲವು ಸುಲ್ತಾನನ ತಮ್ಮ ಅಹ್ಮದ್‌ನ ಕಡೆಗಿತ್ತು. ಗದ್ದುಗೆ ಏರಿದ ಅಹ್ಮದ್ ರಾಜಧಾನಿಯನ್ನು ಬೀದರಿಗೆ ಒಯ್ದ. ಕಲಬುರಗಿಯ ಸುಲ್ತಾನರ ಗೋರಿಗಳು ಆಳುವವರಿಲ್ಲದ ಊರಿನಲ್ಲಿ ಉಳಿದವು. ಸಂತರ ದರ್ಗಾ ಮಾತ್ರ ಇವತ್ತಿಗೂ ತುಂಬಿದ ಮನೆ. ಉರುಸಿಗೆ ಬರುವವರು ಜಾತಿ ಕೇಳಿ ಬರುವುದಿಲ್ಲ, ಗಂಧ ಹೂವು ಹಿಡಿದು ಬರುತ್ತಾರೆ. ನಗರದ ಇನ್ನೊಂದು ತುದಿಯಲ್ಲಿ ಶರಣಬಸವೇಶ್ವರರ ಗದ್ದುಗೆ. 1822ರಲ್ಲಿ ಲಿಂಗೈಕ್ಯರಾದ ಆ ದಾಸೋಹಿಯ ನೆನಪು ತೇರಾಗಿ ಬೀದಿಗೆ ಬರುತ್ತದೆ. ಅವರು ಹಿಡಿದಿದ್ದ ಪರುಷ ಬಟ್ಟಲನ್ನು ಜನರಿಗೆ ತೋರಿಸುತ್ತಾರೆ. ಗರ್ಭಗುಡಿಯಲ್ಲಿ ಗುರು ಮರುಳಾರಾಧ್ಯರ ಅರ್ಧ ಮುಖ, ಶಿಷ್ಯನ ಅರ್ಧ ಮುಖ ಒಂದೇ ಮೂರ್ತಿಯಲ್ಲಿ ಕೂಡಿವೆ. ಗುರುವಿನಿಂದ ಶಿಷ್ಯನನ್ನು ಸಾವೂ ಬಿಡಿಸಲಿಲ್ಲ ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಮೂರ್ತಿಯನ್ನು ನಾನು ಕಂಡಿಲ್ಲ. ಸುಲ್ತಾನರ ಗೋರಿಗಳಲ್ಲಿ ಇಲ್ಲದ ಗುರುತು ಇಲ್ಲಿದೆ: ಈತ ಉಣಿಸಿದವನು, ಈ ಬಟ್ಟಲು ಆತನದು.

ಆದರೆ ಇದು ಸಂತರಿಗೆ ಸಿಕ್ಕ ಭಾಗ್ಯ. ತೊಗರಿ ಬೆಳೆದು, ಸಾಲ ತೀರಿಸಿ, ಮಕ್ಕಳ ಮದುವೆ ಮಾಡಿ ಹೋದವರ ಪಾಲಿಗೆ ಏನಿದೆ?

ಅವರ ಪಾಲಿಗೆ ಭಜನೆ ಇದೆ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದು ಕಮಲಾಪುರದ ಕಡೆ ಹೋದರೆ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಂಬಜ್‌ಗಳ ಇನ್ನೊಂದು ಗುಂಪು ಹೊಲಗಳ ನಡುವೆ ನಿಂತಿದೆ. ಆ ಗುಂಬಜ್‌ಗಳು ಮೂಕವಾಗಿದ್ದರೂ ಸುತ್ತಲ ಹಳ್ಳಿಗಳಲ್ಲಿ ಸಾವಿನ ರಾತ್ರಿ ಮೂಕವಲ್ಲ. ಲಿಂಗವಂತರ ಮನೆಯಲ್ಲಾದರೆ ಹೆಣವನ್ನು ಕುಂಡ್ರಿಸಿ ವಿಭೂತಿ ಹಚ್ಚುತ್ತಾರೆ. ಎದುರಿಗೆ ಏಕತಾರಿ, ಪೇಟಿ, ತಾಳ ಹಿಡಿದ ಮೇಳ ಬೆಳಗಿನ ತನಕ ಹಾಡುತ್ತದೆ. ಅಲ್ಲಿ ಹಾಡುವುದರಲ್ಲಿ ದೊಡ್ಡ ಪಾಲು ತತ್ವಪದ. 19ನೇ ಶತಮಾನದಲ್ಲಿ ಕಡಕೋಳ ಮಡಿವಾಳಪ್ಪ ಈ ನೆಲದಲ್ಲೇ ನಿಂತು ಕಟ್ಟಿದ ಪರಂಪರೆ ಅದು. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗುಬಾಳ ರೇವಪ್ಪ — ಬೇರೆ ಬೇರೆ ಮನೆತನದಿಂದ ಬಂದ ಇವರೆಲ್ಲ ಒಂದೇ ಗುರುವಿನ ಮಕ್ಕಳಾದರು.

ತತ್ವಪದದ ಬಲ ಸಣ್ಣದಲ್ಲ. ದೇಹ ಮಣ್ಣಿನ ಗಡಿಗೆ, ಸಂಸಾರ ಸಂತೆ, ಮನೆ ಬಾಡಿಗೆಯದು ಎಂದು ಅದು ಹೇಳುವಾಗ ಗೌಡನ ಹೆಣಕ್ಕೂ ಕೂಲಿಯವನ ಹೆಣಕ್ಕೂ ಒಂದೇ ಪದ. ಬದುಕಿದ್ದಾಗ ಒಂದೇ ಕಟ್ಟೆಯ ಮೇಲೆ ಕೂಡದವರನ್ನು ಸಾವಿನ ದಿನ ಒಂದೇ ತಾಳಕ್ಕೆ ತರುವ ಶಕ್ತಿ ಇನ್ಯಾವ ಕಲೆಗೂ ನಮ್ಮಲ್ಲಿ ಇಲ್ಲ. ಅದರ ಕೊರತೆ ಹುಟ್ಟುವುದೂ ಈ ಬಲದಿಂದಲೇ. ಎಲ್ಲರಿಗೂ ಒಂದೇ ಪದವಾದ್ದರಿಂದ ಯಾರ ಗುರುತೂ ಅದರಲ್ಲಿ ನಿಲ್ಲುವುದಿಲ್ಲ. ಎಂಬತ್ತು ದಾಟಿದವರ ಮುಂದೆ ದೇಹ ಸುಳ್ಳು ಎಂದು ಹಾಡಿದರೆ ಸಮಾಧಾನವಾಗುತ್ತದೆ. ಎಂಟು ವರ್ಷದ ಕೂಸಿನ ಮುಂದೆ ಅದನ್ನೇ ಹಾಡಿದರೆ ತಾಯಿಗೆ ಏನಾಗಬೇಕು? ಆ ದೇಹವನ್ನು ಆಕೆ ಎರೆದು ತೊಳೆದಿದ್ದಾಳೆ. ಅದು ಸುಳ್ಳೆಂದು ಆಕೆಗೆ ಹೇಳುವ ಹಕ್ಕು ಯಾವ ಪದಕ್ಕೂ ಇಲ್ಲ.

ತತ್ವಪದ ಬಿಟ್ಟ ಜಾಗವನ್ನು ಮೊಹರಂನ ರಿವಾಯತ್ ಪದ ತುಂಬಿತು. ಆಲಾಯಿ ಕುಣಿಯ ಬೆಂಕಿಯ ಸುತ್ತ ಕನ್ನಡದಲ್ಲಿ ಕರ್ಬಲಾದ ಕಥೆ ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಈ ಲೋಕವನ್ನು ವಿಸ್ತಾರವಾಗಿ ತೋರಿಸಿಕೊಟ್ಟಿದೆ. ಇಲ್ಲಿ ದೇಹ ಸುಳ್ಳಲ್ಲ. ಹಸುಗೂಸಿನ ಗಂಟಲು ನಿಜವಾಗಿಯೇ ಒಣಗುತ್ತದೆ, ಮದುವೆಯ ಹಂದರದಿಂದ ಎದ್ದ ಕಾಸಿಮ ನಿಜವಾಗಿಯೇ ಮರಳಿ ಬರುವುದಿಲ್ಲ. ಬೇಸಿಗೆಯಲ್ಲಿ ಕೊಡ ಹೊತ್ತು ಅಲೆದ ಹಳ್ಳಿಗೆ ಆ ನೀರಡಿಕೆಯನ್ನು ಯಾರೂ ಅರ್ಥ ಮಾಡಿಸಬೇಕಿಲ್ಲ. ಕತಲ್ ರಾತ್ರಿ ಕಾಸಿಮನಿಗಾಗಿ ಅತ್ತವರು ತಮ್ಮ ಮನೆಯಲ್ಲಿ ಕಳೆದುಕೊಂಡವರಿಗಾಗಿಯೂ ಅತ್ತಿರುತ್ತಾರೆ. ಆದರೂ ಇದು ಕಡ ತಂದ ಪಾತ್ರೆ. ನಮ್ಮ ನೀರನ್ನು ತುಂಬಿಕೊಳ್ಳುತ್ತದೆ, ನಮ್ಮ ಹೆಸರನ್ನು ಹೇಳುವುದಿಲ್ಲ. ದೇವರು ಹೊಳೆಗೆ ಹೋದ ಮೇಲೆ ಆ ಪದಗಳೂ ಮುಂದಿನ ವರ್ಷದ ತನಕ ಸುಮ್ಮನಾಗುತ್ತವೆ.

ಹಾಗಾದರೆ ಗುರುತು ಹಿಡಿದು ಅತ್ತವರು ಯಾರು? ನಮ್ಮ ಹೆಂಗಸರು.

ನಮ್ಮ ಮುತ್ಯಾ ತೀರಿಕೊಂಡ ದಿನ ನಮ್ಮ ಆಯಿ ಹಾಡಿಕೊಂಡು ಅತ್ತದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಬದುಕಿನುದ್ದಕ್ಕೂ ಗಂಡನ ಹೆಸರು ಹೇಳದ ಆಕೆ ಅವತ್ತೂ ಹೇಳಲಿಲ್ಲ. ಒಗೆದಿಟ್ಟ ಧೋತರ ಗೂಟದ ಮೇಲೇ ಉಳಿಯಿತೆಂದಳು. ಎಡಗೋಲಿನ ಎತ್ತು ಬಾಗಿಲ ಕಡೆ ನೋಡುತ್ತಿದೆ, ಅದಕ್ಕೆ ನಾನೇನು ಹೇಳಲಿ ಎಂದಳು. ರಾಶಿಗೆ ಬಂದ ತೊಗರಿ ಹೊಲದಲ್ಲೇ ನಿಂತಿದೆ ಎಂದಳು. ಒಂದೊಂದು ಮಾತಿಗೂ ಒಂದು ಎಳೆತ, ಎಳೆತದ ಕೊನೆಗೆ ಉಸಿರು ಕಟ್ಟುವ ಒಂದು ತಡೆ. ಪಕ್ಕದಲ್ಲಿ ಕುಂತವರು ಆ ತಡೆಯಲ್ಲಿ ದನಿ ಕೂಡಿಸುತ್ತಿದ್ದರು. ಹೆಸರೇ ಇಲ್ಲದ ಆ ಹಾಡನ್ನು ಇನ್ನೊಬ್ಬರ ಹೆಣದ ಮುಂದೆ ಹಾಡಲು ಬರುತ್ತಿರಲಿಲ್ಲ. ಅಷ್ಟು ಅದು ನಮ್ಮ ಮುತ್ಯಾನದು.

ಇದನ್ನು ನಾವು ಕಲೆ ಎಂದು ಎಣಿಸಲಿಲ್ಲ. ತತ್ವಪದಗಳನ್ನು ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಸಂಪುಟಗಳಲ್ಲಿ ತಂದಿತು, ಅದು ದೊಡ್ಡ ಕೆಲಸ. ಗುಂಬಜ್‌ಗಳಿಗೆ ಪುರಾತತ್ವ ಇಲಾಖೆಯ ಕಾವಲಿದೆ. ಹೆಂಗಸರ ಅಳುವಿಗೆ ಮಾತ್ರ ‘ಸಾಕು, ಸುಮ್ಮನಿರಬೇ’ ಎಂಬ ಗದರಿಕೆಯೇ ಸಿಕ್ಕಿತು. ಆ ಅಳುವಿನ ಮಟ್ಟು ಬೀಸುಕಲ್ಲಿನ ಮುಂದೆ ಪಳಗಿದ ಮಟ್ಟು. ಹಿಟ್ಟಿನ ಗಿರಣಿ ಬಂದ ಮೇಲೆ ದಿನದಿನದ ರೂಢಿ ತಪ್ಪಿತು. ರೂಢಿ ತಪ್ಪಿದ ಗಂಟಲಿಗೆ ಸಾವಿನ ದಿನ ಒಮ್ಮೆಲೆ ಹಾಡು ಬರುವುದಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಬರೀ ಅಳು ಉಳಿದಿದೆ, ಮಾತು ಹೋಗಿದೆ.

ಕಲಬುರಗಿಯ ಸರ್ಕಲ್ಲುಗಳಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸ್‌ಗಳನ್ನು ಕಂಡಾಗ ಅವನ್ನು ಹಳಿಯಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಭಾಗದ ಸಾಮಾನ್ಯ ಮನುಷ್ಯನ ಮುಖ, ಹೆಸರು, ಹುಟ್ಟಿದ ಮತ್ತು ಸತ್ತ ತಾರೀಖು ಬೀದಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಅಲ್ಲಿಯೇ. ಗುಂಬಜ್, ಭಜನೆ, ರಿವಾಯತ್ ಮೂರೂ ತಣಿಸದ ಹಸಿವೊಂದು ಅಲ್ಲಿ ಕಾಣುತ್ತದೆ. ಆದರೆ ಬಿಸಿಲಿಗೆ ಬಣ್ಣ ಹಾರಿದ ಮುಖ ನಗುತ್ತಿರುತ್ತದಷ್ಟೇ. ಆ ಮನುಷ್ಯ ಯಾವ ಎತ್ತಿಗೆ ಬೇಕಾದವನಾಗಿದ್ದ ಎಂದು ಅದು ಹೇಳಲಾರದು.

ಅದಕ್ಕೆ ಭಜನಾ ಮೇಳದವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಪದ ನಮಗೆ ಬೇಕು, ಸಾವಿನ ಮನೆಗೆ ಅದಿಲ್ಲದೆ ಬೆಳಗಾಗುವುದಿಲ್ಲ. ಆದರೆ ಮಂಗಳ ಹಾಡುವ ಮೊದಲು ಒಂದು ಗಳಿಗೆ ತಾಳ ಕೆಳಗಿಡಿ. ಆ ಮನೆಯ ಹೆಣ್ಣುಮಗಳೊಬ್ಬಳಿಗೆ ಸರದಿ ಕೊಡಿ. ಆಕೆಗೆ ಹಾಡು ಬಾರದಿದ್ದರೆ ಧೋತರದ ಮಾತು ಹೇಳಲಿ, ಎತ್ತಿನ ಮಾತು ಹೇಳಲಿ. ಏಕತಾರಿಯ ತಂತಿ ಮಾತ್ರ ಆಕೆಯ ಹಿಂದೆ ಸಣ್ಣಗೆ ಮಿಡಿಯುತ್ತಿರಲಿ.