ನಾಳಕ್ಕೂ ವಯಸ್ಸಿದೆ

ಮೈಕೆಲ್ ಮೆಂಡೆಲ್ಸನ್ ಮತ್ತು ರಿಚರ್ಡ್ ಕಾರಸ್ ಬರೆದ ಸಮೀಕ್ಷಾ ಲೇಖನವೊಂದು 1999ರ ಜೂನ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಹೃದಯ, ರಕ್ತನಾಳಗಳಿಗೆ ಈಸ್ಟ್ರೊಜೆನ್ ಹಾರ್ಮೋನು ಕೊಡುವ ರಕ್ಷಣೆ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ರಕ್ಷಣೆ ಇದೆಯೇ ಎಂದು ಶೀರ್ಷಿಕೆ ಕೇಳುವುದಿಲ್ಲ. ಇದೆ ಎಂದುಕೊಂಡೇ ಹೊರಡುತ್ತದೆ. ಈ ಲೇಖನದ ಬಲವನ್ನೂ ದೌರ್ಬಲ್ಯವನ್ನೂ ಬೇರೆ ಬೇರೆಯಾಗಿ ತೂಗಬೇಕು.

ಮೊದಲು ಬಲ. ಈಸ್ಟ್ರೊಜೆನ್ ಕೊಲೆಸ್ಟ್ರಾಲನ್ನು ಸರಿಪಡಿಸಿ ಹೃದಯ ಕಾಯುತ್ತದೆ ಎಂಬ ಚಾಲ್ತಿಯ ವಿವರಣೆ ಸಾಲದು, ಹಾರ್ಮೋನು ತೆಗೆದುಕೊಂಡವರಲ್ಲಿ ಕಂಡುಬಂದ ಲಾಭದಲ್ಲಿ ಅದರ ಪಾಲು ಸುಮಾರು ಮೂರನೇ ಒಂದು ಮಾತ್ರ ಎಂದು ಲೇಖಕರು ಲೆಕ್ಕ ಕಟ್ಟಿದರು. ಉಳಿದದ್ದನ್ನು ನಾಳದ ಗೋಡೆಯಲ್ಲೇ ಹುಡುಕಿದರು. ಹಾರ್ಮೋನು ಅಲ್ಲಿನ ಜೀವಕೋಶದ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಪ್ರೋಟೀನು ಡಿಎನ್‌ಎಯ ನಿರ್ದಿಷ್ಟ ಜಾಗಗಳನ್ನು ಹಿಡಿದು ಕೆಲವು ಜೀನ್‌ಗಳನ್ನು ಚುರುಕುಗೊಳಿಸುತ್ತದೆ, ಕೆಲವನ್ನು ತಗ್ಗಿಸುತ್ತದೆ. ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವದ ಜೀನ್ ಚುರುಕಾಗುವವುಗಳಲ್ಲಿ ಒಂದು. ಇದಕ್ಕೆ ಗಂಟೆಗಳು, ದಿನಗಳು ಬೇಕು. ಜೀನ್‌ಗಳ ಗೊಡವೆಯೇ ಇಲ್ಲದೆ ನಿಮಿಷಗಳಲ್ಲಿ ಆಗುವ ಪರಿಣಾಮ ಬೇರೆಯೇ ಇದೆ. ಈ ಎರಡನ್ನೂ ಬಿಡಿಸಿಟ್ಟ ಸ್ಪಷ್ಟತೆ ಇಂದಿಗೂ ಮಾಸಿಲ್ಲ.

ತೊಡಕಿರುವುದು ಯಾರ ನಾಳ ಎಂಬಲ್ಲಿ. ತಟ್ಟೆಯಲ್ಲಿ ಬೆಳೆಸಿದ ಕೋಶ, ಪ್ರಾಣಿಯ ಆರೋಗ್ಯವಂತ ನಾಳ ಹೇಳಿದ್ದನ್ನು ಅರವತ್ತು ದಾಟಿದ ಹೆಂಗಸಿನ ಕೊಬ್ಬು ಕಟ್ಟಿದ ನಾಳವೂ ಹೇಳಬೇಕೆಂದೇನಿಲ್ಲ. ಮುಟ್ಟು ನಿಲ್ಲುವ ಮೊದಲೇ ತೀರಿಕೊಂಡ ಹೆಂಗಸರಲ್ಲೂ ಕಾಯಿಲೆ ಹಿಡಿದ ಹೃದಯನಾಳದಲ್ಲಿ ಈ ಗ್ರಾಹಕ ವಿರಳ ಎಂಬ ವರದಿ 1994ರಲ್ಲೇ ಬಂದಿತ್ತು. ಗ್ರಾಹಕವೇ ಇಲ್ಲದ ಕಡೆ ಹಾರ್ಮೋನು ಯಾವ ಜೀನನ್ನು ಎಬ್ಬಿಸೀತು? ಈ ಪ್ರಶ್ನೆಯೇ ವಾದದ ಬೆನ್ನೆಲುಬಾಗಬೇಕಿತ್ತು. 2007ರಲ್ಲಿ ಇನ್ನೊಂದು ಸಂಗತಿ ಸೇರಿತು: ಕೊಲೆಸ್ಟ್ರಾಲಿನಿಂದಲೇ ಹುಟ್ಟುವ 27-ಹೈಡ್ರಾಕ್ಸಿಕೊಲೆಸ್ಟ್ರಾಲ್ ನಾಳದಲ್ಲಿ ಅದೇ ಗ್ರಾಹಕಕ್ಕೆ ಅಂಟಿ ಈಸ್ಟ್ರೊಜೆನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಕೊಬ್ಬು ಕಟ್ಟಿದ ಜಾಗದಲ್ಲಿ ಇದರ ಶೇಖರಣೆಯೇ ಹೆಚ್ಚು. ಅಂದರೆ ರಕ್ಷಣೆ ಎಲ್ಲಿ ಅತ್ಯಗತ್ಯವೋ ಅಲ್ಲೇ ಅದರ ದಾರಿ ಮುಚ್ಚುತ್ತದೆ.

ಲೇಖನಕ್ಕೆ ಹಿಂದಿನ ವರ್ಷವೇ ‘ಹರ್ಸ್’ ಪ್ರಯೋಗ ಎಚ್ಚರಿಸಿತ್ತು. ಹೃದಯರೋಗವಿದ್ದ 2763 ಹೆಂಗಸರಲ್ಲಿ ಹಾರ್ಮೋನು ಮಾತ್ರೆಯಿಂದ ಒಟ್ಟಾರೆ ಲಾಭ ಕಾಣಲಿಲ್ಲ. 2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ 16,608 ಹೆಂಗಸರ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿತು. ಹಾರ್ಮೋನು ಮಾತ್ರೆ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಹೆಚ್ಚಿದ್ದವು. ಆ ಮಾತ್ರೆಯಲ್ಲಿ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು ಕೂಡ ಇತ್ತು ಎಂಬ ಆಕ್ಷೇಪ ನ್ಯಾಯವೇ. ಆದರೆ ಈಸ್ಟ್ರೊಜೆನ್ ಮಾತ್ರ ಕೊಟ್ಟ ವಿಭಾಗವೂ 2004ರಲ್ಲಿ ನಿಂತಿತು: ಹೃದಯಕ್ಕೆ ಲಾಭವಿಲ್ಲ, ಪಾರ್ಶ್ವವಾಯು ಜಾಸ್ತಿ. ಆದರೆ ಸೇರಿಕೊಂಡವರ ಸರಾಸರಿ ವಯಸ್ಸು ಸುಮಾರು 63. 

ಹಾಗಾದರೆ ಮುಟ್ಟು ನಿಂತ ಮೇಲೆ ಬೇಗ ಹಾರ್ಮೋನು ಶುರುಮಾಡಿದರೆ? 2016ರಲ್ಲಿ ಪ್ರಕಟವಾದ ‘ಎಲೀಟ್’ ಪ್ರಯೋಗ 643 ಹೆಂಗಸರನ್ನು ಎರಡು ಗುಂಪಾಗಿಸಿತು: ಮುಟ್ಟು ನಿಂತು ಆರು ವರ್ಷವಾಗದವರು, ಹತ್ತು ವರ್ಷ ದಾಟಿದವರು. ಮೊದಲ ಗುಂಪಿನಲ್ಲಿ ಹಾರ್ಮೋನು ಪಡೆದವರ ಕತ್ತಿನ ನಾಳದ ಗೋಡೆ ದಪ್ಪವಾಗುವ ವೇಗ ತಗ್ಗಿತು, ಎರಡನೆಯದರಲ್ಲಿ ಇಲ್ಲ. ಮೆಂಡೆಲ್ಸನ್–ಕಾರಸ್ ಗೆದ್ದರು ಎನ್ನುವವರಿಗೆ ಇದೇ ಆಧಾರ. ನನಗೆ ಅಷ್ಟು ಧೈರ್ಯವಿಲ್ಲ. ಹೃದಯನಾಳದಲ್ಲಿ ಕಟ್ಟಿದ ಕ್ಯಾಲ್ಸಿಯಂ ಎಣಿಸಿದಾಗ ಎರಡೂ ಗುಂಪಿನಲ್ಲಿ ಹಾರ್ಮೋನು ಪಡೆದವರಿಗೂ ಪಡೆಯದವರಿಗೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಹೃದಯಾಘಾತದ ಬಗ್ಗೆ ತೀರ್ಪು ಕೊಡುವಷ್ಟು ದೊಡ್ಡ ಪ್ರಯೋಗವೂ ಅದಲ್ಲ.