ಸಭ್ಯತೆಯೊಂದೇ ಪೌರತ್ವವಲ್ಲ

ಮಕ್ಕಳ ಕೈಗೆ ಮೊಬೈಲ್ ಕೊಡಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಮುಗಿಯುವ ಮುನ್ನವೇ, ಪ್ರೌಢಶಾಲೆಯ ಮೆಟ್ಟಿಲೇರಿದ ಮಗು ಅಂತರ್ಜಾಲದ ಲೋಕದೊಳಗೆ ಕಾಲಿಟ್ಟಿರುತ್ತದೆ. ಆ ಲೋಕದಲ್ಲಿ ಹೇಗೆ ಬಾಳಬೇಕೆಂಬ ಶಿಕ್ಷಣಕ್ಕೆ 'ಡಿಜಿಟಲ್ ಪೌರತ್ವ' ಎಂಬ ಹೆಸರಿದೆ. ಈ ಕ್ಷೇತ್ರದ ಪ್ರಸಿದ್ಧ ಗ್ರಂಥ ಅಮೆರಿಕದ ಮೈಕ್ ರಿಬಲ್ ಅವರ 'ಡಿಜಿಟಲ್ ಸಿಟಿಜನ್‌ಶಿಪ್ ಇನ್ ಸ್ಕೂಲ್ಸ್'. ಜೆರಾಲ್ಡ್ ಬೈಲಿ ಅವರೊಡಗೂಡಿ 2007ರಲ್ಲಿ ಹೊರತಂದ ಈ ಕೃತಿ 2015ರಲ್ಲಿ ಮೂರನೆಯ ಆವೃತ್ತಿ ಕಂಡಿತು. ಶಿಕ್ಷಕರಿಗೆಂದೇ ಬರೆದ ಗ್ರಂಥವಾದರೂ ಪೋಷಕರಾದ ನಾವೆಲ್ಲರೂ ಇದನ್ನು ತೂಗಿ ನೋಡುವುದು ಒಳಿತು.

ರಿಬಲ್ ಡಿಜಿಟಲ್ ಪೌರತ್ವವನ್ನು 9 ಅಂಶಗಳಾಗಿ ವಿಂಗಡಿಸುತ್ತಾರೆ: ಲಭ್ಯತೆ, ವಾಣಿಜ್ಯ, ಸಂವಹನ, ಸಾಕ್ಷರತೆ, ಶಿಷ್ಟಾಚಾರ, ಕಾನೂನು, ಹಕ್ಕು ಮತ್ತು ಹೊಣೆ, ಆರೋಗ್ಯ, ಭದ್ರತೆ. ಇವುಗಳಲ್ಲಿ ಲಭ್ಯತೆಗೂ ಸ್ಥಾನವಿರುವುದು ಗ್ರಂಥದ ಹಿರಿಮೆ. ಸಾಧನವಿಲ್ಲದೆ ಹೊರಗುಳಿದ ಸಹಪಾಠಿಯ ಬಗೆಗೆ ಚಿಂತಿಸದವನು ಪೌರನೆನಿಸಲಾರ ಎಂಬುದು ಇದರಿಂದ ತಾನಾಗಿಯೇ ಹೊಮ್ಮುವ ಪಾಠ. ಹಕ್ಕನ್ನೂ ಹೊಣೆಯನ್ನೂ ಬೇರ್ಪಡಿಸದೆ ಒಂದೇ ಅಂಶವಾಗಿಸಿರುವುದೂ ಶ್ಲಾಘನೀಯ.

ಆದರೆ, ಪ್ರಿಯ ವಾಚಕರೇ, ಸಾಕ್ಷರತೆಯ ವಿಷಯಕ್ಕೆ ಬಂದಾಗ ಗ್ರಂಥ ಸೊರಗುತ್ತದೆ. ತಂತ್ರಜ್ಞಾನವನ್ನೂ ಅದರ ಬಳಕೆಯನ್ನೂ ಕಲಿಯುವುದೇ ಸಾಕ್ಷರತೆ ಎಂಬುದು ರಿಬಲ್ ಅವರ ನಿರೂಪಣೆ. ಮೊದಲ ಐಫೋನ್ ಮಾರುಕಟ್ಟೆಗೆ ಬಂದ 2007ರಲ್ಲಿ ಅಷ್ಟು ಸಾಕೆನಿಸಿದ್ದರೆ ಅಚ್ಚರಿಯಿಲ್ಲ. ಇಂದು ಅದು ಸಾಲದು. ಸಾಧನವನ್ನು ಬಳಸುವುದರಲ್ಲಿ ನಮ್ಮ ಮಕ್ಕಳು ನಮಗಿಂತ ನಿಪುಣರು. ಅದು ತೋರುವುದರಲ್ಲಿ ಸತ್ಯವೆಷ್ಟು, ಮಿಥ್ಯೆಯೆಷ್ಟು ಎಂದು ಅಳೆಯುವುದರಲ್ಲಿ ಅಲ್ಲ.

ಇದಕ್ಕೆ ಅಮೆರಿಕದಲ್ಲೇ ಸಾಕ್ಷಿಯಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 3,446 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮತಪೆಟ್ಟಿಗೆಗೆ ಕಳ್ಳಮತ ತುರುಕುತ್ತಿರುವ ಮಸುಕಾದ ವಿಡಿಯೋವೊಂದನ್ನು ಅವರಿಗೆ ತೋರಿಸಲಾಗಿತ್ತು. ಅಮೆರಿಕದ ಚುನಾವಣೆಯಲ್ಲಿ ಮೋಸ ನಡೆದುದಕ್ಕೆ ಇದು ಬಲವಾದ ಪುರಾವೆ ಎಂದು ಅರ್ಧಕ್ಕಿಂತ ಹೆಚ್ಚು ಮಂದಿ ನಂಬಿದರು. ವಾಸ್ತವದಲ್ಲಿ ಅದು ರಷ್ಯಾದಲ್ಲಿ ಚಿತ್ರಿತವಾದದ್ದು. ಅಂತರ್ಜಾಲದಲ್ಲಿ ಹುಡುಕಲು ಅನುಮತಿಯಿದ್ದರೂ, ಮೂಲವನ್ನು ಪತ್ತೆಹಚ್ಚಿದವರು ಕೇವಲ 3 ವಿದ್ಯಾರ್ಥಿಗಳು! ಈ ಮಕ್ಕಳು ಯಾರನ್ನೂ ನಿಂದಿಸಲಿಲ್ಲ, ಪಾಸ್‌ವರ್ಡ್ ಕದಿಯಲಿಲ್ಲ, ಶಿಷ್ಟಾಚಾರ ಮೀರಲಿಲ್ಲ. ಆದರೂ ಪೌರನಾದವನು ಮಾಡಬೇಕಾದ ವಿವೇಚನೆಯಲ್ಲಿ ಎಡವಿದರು.

ಇದಕ್ಕೆ ಪರಿಹಾರವೂ ಇದೆ. 2017ರಲ್ಲಿ ಸ್ಯಾಮ್ ವೈನ್‌ಬರ್ಗ್ ಹಾಗೂ ಸಾರಾ ಮೆಕ್‌ಗ್ರೂ ಅವರು 10 ಇತಿಹಾಸಜ್ಞರು, 10 ವೃತ್ತಿಪರ ಸತ್ಯಶೋಧಕರು ಮತ್ತು 25 ವಿಶ್ವವಿದ್ಯಾಲಯ ವಿದ್ಯಾರ್ಥಿಗಳು ಅಂತರ್ಜಾಲವನ್ನು ಓದುವ ಬಗೆಯನ್ನು ಗಮನಿಸಿದರು. ವಿದ್ವಾಂಸರಲ್ಲೂ ಹಲವರು ಪುಟದ ಅಂದಚಂದಕ್ಕೆ ಮರುಳಾದರು. ಸತ್ಯಶೋಧಕರಾದರೋ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಇದನ್ನು ಹೇಳುವವರು ಯಾರು, ಅವರ ಬಗೆಗೆ ಇತರರ ಅಭಿಪ್ರಾಯವೇನು ಎಂದು ಬೇರೆಡೆ ವಿಚಾರಿಸಿದರು. ಊರಿಗೆ ಬಂದ ಅಪರಿಚಿತನ ಕುರಿತು ಅವನನ್ನೇ ಕೇಳದೆ ನೆರೆಯವರನ್ನು ಕೇಳುವ ನಮ್ಮ ಹಿರಿಯರ ಜಾಣ್ಮೆಯೇ ಇದು. ಕೃತಕ ಬುದ್ಧಿಮತ್ತೆ ನೈಜವೆನಿಸುವ ದೃಶ್ಯಗಳನ್ನು ಸೃಷ್ಟಿಸುತ್ತಿರುವಾಗ, ಚಿತ್ರವನ್ನೇ ದಿಟ್ಟಿಸಿ ನೋಡುವುದರಿಂದ ಫಲವಿಲ್ಲ. ಈ ಜಾಣ್ಮೆಯೇ ಆಸರೆ.

ಇದನ್ನು ಕಲಿಸಲು ವರುಷಗಟ್ಟಲೆ ಕಾಲ ಬೇಕಿಲ್ಲ. ಅದೇ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50 ನಿಮಿಷಗಳ 6 ಪಾಠಗಳನ್ನು ಕಲಿತ ಪ್ರೌಢಶಾಲಾ ಮಕ್ಕಳು ಕಲಿಯದವರಿಗಿಂತ ಹೆಚ್ಚಿನ ಪ್ರಗತಿ ತೋರಿದರು. ಆ ಪಾಠಗಳು ನಡೆದದ್ದು ಕಂಪ್ಯೂಟರ್ ತರಗತಿಯಲ್ಲಲ್ಲ, ಪೌರನೀತಿಯ ತರಗತಿಯಲ್ಲಿ ಎಂಬುದು ಗಮನಾರ್ಹ.

ರಿಬಲ್ ಅವರ ಗ್ರಂಥವನ್ನು ಬದಿಗಿಡಬೇಕೆಂದು ನನ್ನ ವಾದವಲ್ಲ. ನಡೆನುಡಿಯ ಪಾಠಕ್ಕೆ ಅದು ಉತ್ತಮ ಕೈಪಿಡಿ. ಆದರೆ ಸಭ್ಯವಾಗಿ ಸುಳ್ಳನ್ನು ಹರಡುವವನನ್ನೂ ಸತ್ಪೌರನೆಂದು ಕರೆಯುವ ಅಪಾಯ ಅದರಲ್ಲಿದೆ. ಆ ಕೊರತೆಯನ್ನು ಶಾಲೆಯೊಂದಿಗೆ ಮನೆಯೂ ತುಂಬಬೇಕು. ವಾಟ್ಸ್‌ಆ್ಯಪ್ ಸಂದೇಶವೊಂದನ್ನು ಇತರರಿಗೆ ಕಳುಹಿಸುವ ಮುನ್ನ, 'ಇದನ್ನು ಹೇಳಿದವರು ಯಾರು?' ಎಂದು ಹಿರಿಯರಾದ ನಾವು ಮಕ್ಕಳ ಮುಂದೆಯೇ ಕೇಳಿಕೊಂಡರೆ, ಅದೇ ಅವರಿಗೆ ಮೊದಲ ಪಾಠವಾದೀತು.