ಉಳಿದ ಮಕ್ಕಳು ಯಾರವರು?

ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' (2018) ಚಿತ್ರಕ್ಕೆ ಜನ ನಕ್ಕರು, ಅತ್ತರು. ಮುಚ್ಚಲು ಹೊರಟ ಕನ್ನಡ ಶಾಲೆಯ ಪರವಾಗಿ ಮೈಸೂರಿನ ಹಿರಿಯರೊಬ್ಬರು ಕೋರ್ಟಿನಲ್ಲಿ ವಾದಿಸುತ್ತಾರೆ. ಚಪ್ಪಾಳೆ. ಗಡಿಯಾಚೆಯ ಕನ್ನಡದ ಸಂಕಟ ಸುಳ್ಳಲ್ಲ. ಆದರೆ ಗಡಿಯೀಚೆ, ಕನ್ನಡದ್ದೇ ಸರ್ಕಾರವಿರುವ ಹಳ್ಳಿಯಲ್ಲಿ ಶಾಲೆ ಯಾಕೆ ಸಾಯುತ್ತಿದೆ? ಚಿತ್ರ ಆ ಕಡೆ ತಿರುಗಿಯೂ ನೋಡೋದಿಲ್ಲ.

ಕಾಸಿದ್ದವನು ಮಗುವನ್ನು ಕಾನ್ವೆಂಟಿನ ವ್ಯಾನು ಹತ್ತಿಸುತ್ತಾನೆ. ಉಳಿಯೋರು ಕೂಲಿಯವರ ಮಕ್ಕಳು, ಕೇರಿಯ ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗೆ 2 ಮೇಷ್ಟ್ರು. ತರಗತಿ ಮಾತ್ರ 5. ಅವರೇ ಬಿಸಿಯೂಟದ ಲೆಕ್ಕ ಬರೀಬೇಕು, ಜನಗಣತಿ, ಚುನಾವಣೆಗೂ ಓಡಬೇಕು. ಪಾಠ ಯಾವಾಗ? ಪಾಠ ಸೊರಗಿದರೆ ಇನ್ನಷ್ಟು ಮಕ್ಕಳು ಹೋಗ್ತಾರೆ. ಕೊನೆಗೆ ಸಾಹೇಬರು ಬಂದು ತಲೆ ಎಣಿಸಿ, 'ಮಕ್ಕಳೇ ಇಲ್ಲ, ಪಕ್ಕದೂರಿನ ಶಾಲೆಗೆ ಸೇರಿಸಿ' ಅಂತಾರೆ. ಅಲ್ಲಿಗೆ ನಡೆಯೋ ಕಾಲು ಯಾರದು? ಕೂಲಿ ಬಿಟ್ಟು ಕಳಿಸಿ ಬರೋರು ಯಾರು?

2019ರ ಹೊತ್ತಿಗೆ ನಮ್ಮ ಸರ್ಕಾರ ನಿಯಮ ತಿದ್ದಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಬಡ ಮಗುವಿಗೆ ಖಾಸಗಿ ಶಾಲೆಯ ಶೇ. 25ರ ಸೀಟು ಬೇಡ ಎಂದಿತು. ಸರಿ ಸ್ವಾಮಿ, ಹಾಗಾದರೆ ಆ ಹತ್ತಿರದ ಶಾಲೆಯನ್ನು ಶಾಲೆಯಾಗಿ ನಡೆಸಿ. ಭಾಷಾಭಿಮಾನದ ಕಣ್ಣೀರು ಸಾಕು. ತರಗತಿಗೊಬ್ಬ ಮೇಷ್ಟ್ರನ್ನು ಕೊಡಿ.